ಪುಣೇರಿ ಪಲ್ಟನ್: ಯಾರನ್ನು ಉಳಿಸಬೇಕು, ಯಾರನ್ನು ಬಿಡಬೇಕು?

ಕಬಡ್ಡಿ ಹರಾಜಿನ ಸುದ್ದಿ ಬಂತೆಂದರೆ ನಮ್ಮ ಕೇಳುಗ ಮಿತ್ರರದು ಒಂದೇ ಪ್ರಶ್ನೆ: "ಅಲ್ರೀ, ಕಪ್ ಗೆದ್ದುಕೊಟ್ಟ ಆ ಇರಾನಿ ಹುಡುಗನ್ನ ನಮ್ಮ ಪಲ್ಟನ್‌ನವರು ಯಾಕೆ ಬಿಟ್ರು?" ಇದಕ್ಕೆ ಒಂದೇ ಸಾಲಿನ ಉತ್ತರ ಕೊಟ್ಟರೆ ಯಾರಿಗೂ ಸಮಾಧಾನವಾಗುವುದಿಲ್ಲ. ಆದ್ದರಿಂದ ಈ ಸಲ ಪೂರ್ತಿ ಲೆಕ್ಕವನ್ನೇ ಬಿಡಿಸಿ ನೋಡೋಣ. ಇದರಲ್ಲಿ ನಮಗೆ, ಅಂದರೆ ಪುಣೆಯ ಕನ್ನಡಿಗರಿಗೆ, ಸ್ವಲ್ಪ ಹೆಚ್ಚಿನ ಆಸಕ್ತಿಯೂ ಇದೆ. ಪಲ್ಟನ್‌ಗೆ ಮೊದಲ ಕಪ್ ತಂದ ತರಬೇತುದಾರ ಕರ್ನಾಟಕದ ಬಿ.ಸಿ. ರಮೇಶ್.

ಮೊದಲು ಕಪ್ಪಿನ ಕಥೆ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಪ್ರೊ ಕಬಡ್ಡಿ ಲೀಗಿನ ಹತ್ತನೆಯ ಆವೃತ್ತಿಯ ಫೈನಲ್ ನಡೆಯಿತು. ಪಲ್ಟನ್ 28-25ರಿಂದ ಹರಿಯಾಣ ಸ್ಟೀಲರ್ಸ್ ತಂಡವನ್ನು ಸೋಲಿಸಿತು. ಲೀಗ್ ಹಂತದಲ್ಲಿ ಆಡಿದ 22 ಪಂದ್ಯಗಳಲ್ಲಿ ಸೋತದ್ದು ಎರಡೇ. ಎಡ ಕಾರ್ನರ್‌ನಲ್ಲಿ ನಿಂತ ಇರಾನಿನ ಮೊಹಮ್ಮದ್‌ರೇಜಾ ಶಾದ್ಲೂವಿ 99 ಟ್ಯಾಕಲ್ ಪಾಯಿಂಟ್ ಗಳಿಸಿ ಆ ಆವೃತ್ತಿಯ ಶ್ರೇಷ್ಠ ಡಿಫೆಂಡರ್ ಆದ. ನಾಯಕ ಅಸ್ಲಂ ಇನಾಮದಾರ್ ಅತ್ಯಮೂಲ್ಯ ಆಟಗಾರನಾದ. ಅಂಥ ತಂಡ ಮುಂದಿನ ಆವೃತ್ತಿಯಲ್ಲಿ ಎಂಟನೆಯ ಸ್ಥಾನಕ್ಕೆ ಇಳಿಯಿತು! ಅದೂ ಸಾಲದೆಂಬಂತೆ 2024ರ ಡಿಸೆಂಬರ್ 29ರಂದು ನಮ್ಮ ಬಾಲೇವಾಡಿಯಲ್ಲೇ ನಡೆದ ಫೈನಲ್‌ನಲ್ಲಿ ಶಾದ್ಲೂವಿ ಹರಿಯಾಣದ ಅಂಗಿ ತೊಟ್ಟು ಕಪ್ ಎತ್ತಿದ. ಪಾಟ್ನಾ ಪೈರೇಟ್ಸ್ ವಿರುದ್ಧ 32-23. ಆ ಆವೃತ್ತಿಯ ಅತ್ಯಮೂಲ್ಯ ಆಟಗಾರನೂ ಅವನೇ. ಪುಣೆಯ ಪ್ರೇಕ್ಷಕರಿಗೆ ಹೇಗಾಗಿರಬೇಡ, ನೀವೇ ಹೇಳಿ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಹತ್ತನೆಯ ಆವೃತ್ತಿಯಿಂದ ಪ್ರತಿ ತಂಡದ ಹರಾಜಿನ ಥೈಲಿ 5 ಕೋಟಿ ರೂಪಾಯಿ. ಅದರಲ್ಲಿ ಕನಿಷ್ಠ 18, ಗರಿಷ್ಠ 25 ಆಟಗಾರರು ಬರಬೇಕು. ಉಳಿಸಿಕೊಂಡವರ ಸಂಬಳವೂ ಇದೇ ಥೈಲಿಯಿಂದಲೇ ಹೋಗುತ್ತದೆ. 2023ರ ಅಕ್ಟೋಬರ್ ಹರಾಜಿನಲ್ಲಿ ಶಾದ್ಲೂವಿಗೆ ಪಲ್ಟನ್ ಕೊಟ್ಟದ್ದು 2.35 ಕೋಟಿ, ಅಂದರೆ ಥೈಲಿಯ ಅರ್ಧಕ್ಕೆ ಸ್ವಲ್ಪ ಕಡಿಮೆ. ಉಳಿದ ಹದಿನೇಳು ಜನರಿಗೆ 2.65 ಕೋಟಿ. ತಲೆಗೆ ಸರಾಸರಿ ಹದಿನೈದೂವರೆ ಲಕ್ಷ. 'ಎ' ದರ್ಜೆಯ ಆಟಗಾರನ ಮೂಲಬೆಲೆಯೇ 30 ಲಕ್ಷ ಇರುವಾಗ ಇಷ್ಟರಲ್ಲಿ ಚಾಂಪಿಯನ್ ತಂಡ ಕಟ್ಟುವುದು ಹೇಗೆ?

ಕಟ್ಟಿದ್ದು ಹುಡುಗರಿಂದ. ಲೀಗಿನಲ್ಲಿ 'ಹೊಸ ಯುವ ಆಟಗಾರ' ಎಂಬ ಒಂದು ವರ್ಗವಿದೆ. ಈ ಹುಡುಗರನ್ನು ತಂಡಗಳು ಹರಾಜಿಲ್ಲದೆ, ಕಡಿಮೆ ಸಂಬಳಕ್ಕೆ ನೇರವಾಗಿ ಸೇರಿಸಿಕೊಳ್ಳಬಹುದು, ನಂತರ 'ಉಳಿಸಿಕೊಂಡ ಯುವ ಆಟಗಾರ' ಎಂದು ಮುಂದುವರಿಸಲೂಬಹುದು. ಹಳೆಯ ಅಹಮದ್‌ನಗರ, ಈಗಿನ ಅಹಿಲ್ಯಾನಗರ ಜಿಲ್ಲೆಯ ಅಸ್ಲಂ ಮತ್ತು ಅವನ ಜೊತೆಯ ಮೋಹಿತ್ ಗೋಯತ್ ಇಬ್ಬರೂ ಎಂಟನೆಯ ಆವೃತ್ತಿಯಲ್ಲಿ ಹೀಗೆ ಬಂದವರು. ಅಗ್ಗದಲ್ಲಿ ಸಿಕ್ಕ ಹುಡುಗರು ಎರಡು ವರ್ಷದಲ್ಲಿ ದೊಡ್ಡ ಆಟಗಾರರಾದರು. ಅವರ ಸಂಬಳ ಇನ್ನೂ ಆಟದಷ್ಟು ಏರಿರಲಿಲ್ಲ. ಆ ಒಂದು ಸಂದಿಯಲ್ಲಿ ಶಾದ್ಲೂವಿಯಂಥ ದುಬಾರಿ ಆಟಗಾರ ಹಿಡಿಸಿದ. ಇಂಥ ಸಂದಿ ವರ್ಷವರ್ಷವೂ ಸಿಗುವುದಿಲ್ಲ. ಕಪ್ ಗೆದ್ದ ಹುಡುಗರನ್ನು ಹರಾಜಿಗೆ ಬಿಟ್ಟರೆ ಬೇರೆಯವರು ಎತ್ತಿಕೊಂಡು ಹೋಗುತ್ತಾರೆ, ಉಳಿಸಿಕೊಂಡರೆ ಥೈಲಿ ಖಾಲಿಯಾಗುತ್ತದೆ.

ಅಮೆರಿಕದ ಬಾಸ್ಕೆಟ್‌ಬಾಲ್ ನೋಡುವವರು ಇಲ್ಲೊಂದು ಮಾತು ಕೇಳಬಹುದು. ಅಲ್ಲಿ ಎನ್‌ಬಿಎ ತಂಡಗಳಿಗೂ ಸಂಬಳದ ಮಿತಿ ಇದೆ, ಆದರೆ ತನ್ನದೇ ಹಳೆಯ ಆಟಗಾರನನ್ನು ಉಳಿಸಿಕೊಳ್ಳಲು ಆ ಮಿತಿ ದಾಟಬಹುದು. ಬಾಸ್ಟನ್ ಸೆಲ್ಟಿಕ್ಸ್ ತಂಡದ ಲ್ಯಾರಿ ಬರ್ಡ್ ಹೆಸರಿನಲ್ಲೇ ಆ ವಿನಾಯಿತಿಯನ್ನು ಕರೆಯುತ್ತಾರೆ. ಹೆಚ್ಚಾದರೆ ದಂಡದ ತೆರಿಗೆ ಕಟ್ಟಿದರಾಯಿತು. ನಮ್ಮ ಕಬಡ್ಡಿಯಲ್ಲಿ ಹಾಗಿಲ್ಲ. ಇಲ್ಲಿರುವುದು 'ಫೈನಲ್ ಬಿಡ್ ಮ್ಯಾಚ್' ಕಾರ್ಡ್. ನೀವು ಬಿಟ್ಟ ಆಟಗಾರನಿಗೆ ಬೇರೆ ತಂಡ ಕೊನೆಯ ಬೆಲೆ ಕೂಗಿದ ಮೇಲೆ, ಅದೇ ಬೆಲೆ ಕೊಟ್ಟು ವಾಪಸು ಪಡೆಯಬಹುದು. ಆದರೆ ಆ ದುಡ್ಡು ನಿಮ್ಮ ಥೈಲಿಯಲ್ಲಿ ಇರಬೇಕು. 2024ರ ಹರಾಜಿನಲ್ಲಿ ತೆಲುಗು ಟೈಟಾನ್ಸ್ ಇದೇ ಕಾರ್ಡ್ ಹಾಕಿ ಪವನ್ ಸೆಹ್ರಾವತ್‌ನನ್ನು 1.725 ಕೋಟಿಗೆ ಮರಳಿ ತಂದುಕೊಂಡಿತು. ಹಿಂದಿನ ವರ್ಷ ಅವನಿಗೇ 2.605 ಕೋಟಿ ಕೊಟ್ಟಿತ್ತು. ಬಿಟ್ಟು ಹಿಡಿದದ್ದರಿಂದ 88 ಲಕ್ಷ ಉಳಿಯಿತು. ಪಲ್ಟನ್ ಮಾತ್ರ ಶಾದ್ಲೂವಿಗೆ 2.07 ಕೋಟಿ ಬೆಲೆ ಬಂದಾಗ ಸುಮ್ಮನಿತ್ತು. ಹರಿಯಾಣ ಕೊಂಡಿತು.

ನನ್ನ ಅಭಿಪ್ರಾಯ ಕೇಳಿದರೆ, ಲೆಕ್ಕದ ಪ್ರಕಾರ ಪಲ್ಟನ್ ಮಾಡಿದ್ದು ತಪ್ಪಲ್ಲ. ಆದರೆ ಲೆಕ್ಕದಲ್ಲಿ ಒಂದು ವಿಷಯ ಕಾಣುವುದಿಲ್ಲ, ಅದು ಅಂಕಣದ ಮೇಲೆ ಕಾಣುತ್ತದೆ.

ಕಬಡ್ಡಿಯ ಏಳು ಜನರಲ್ಲಿ ಇಬ್ಬರು ಕಾರ್ನರ್, ಇಬ್ಬರು ಕವರ್. ಉಳಿದ ಮೂವರು ಮುಖ್ಯವಾಗಿ ದಾಳಿಗೆ. ಕಾರ್ನರ್‌ನವನು ರೈಡರ್‌ನ ಕಣಕಾಲಿಗೋ ತೊಡೆಗೋ ಮೊದಲು ಕೈ ಹಾಕುವವನು. ಕವರ್‌ನವನು ಅಡ್ಡ ಬಂದು ತಡೆಯುವವನು, ಇಲ್ಲವೇ ಡ್ಯಾಶ್ ಹೊಡೆದು ಗೆರೆಯ ಹೊರಗೆ ತಳ್ಳುವವನು. ಕಾರ್ನರ್ ಕೈ ಹಾಕಿದ ಕ್ಷಣಕ್ಕೇ ಪಕ್ಕದ ಕವರ್ ಬರಬೇಕು. ಅರೆಕ್ಷಣ ತಡವಾದರೆ ರೈಡರ್ ಇಬ್ಬರನ್ನೂ ಮುಟ್ಟಿ ನಡುಗೆರೆ ದಾಟುತ್ತಾನೆ. ಇದು ಜೋಡೆತ್ತಿನ ಕೆಲಸ. ಒಂದು ಎತ್ತು ಬದಲಾದರೆ ಇನ್ನೊಂದು ನಡಿಗೆ ಮರೆಯುತ್ತದೆ. ಪಲ್ಟನ್‌ನ ಬಲಭಾಗದಲ್ಲಿ ಕಾರ್ನರ್ ಗೌರವ್ ಖತ್ರಿ, ಕವರ್ ಅಬಿನೇಶ್ ನಾದರಾಜನ್ ಜೋಡಿ ಹಾಗೇ ಉಳಿಯಿತು. ಎಡಭಾಗದಲ್ಲಿ ಸಂಕೇತ್ ಸಾವಂತ್ ಪಕ್ಕದ ಶಾದ್ಲೂವಿ ಹೋದ. ಅವನು ಬರೀ ಹಿಡಿಯುವವನಲ್ಲ, ಬೇಕಾದಾಗ ದಾಳಿಗೂ ಹೋಗುವವನು. ಹಾಗಾಗಿ ಒಬ್ಬ ಹೋದರೂ ಒಂದೂವರೆ ಜಾಗ ಖಾಲಿಯಾಯಿತು.

ಅದರ ಮೇಲೆ ಅಸ್ಲಂ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹನ್ನೊಂದನೆಯ ಆವೃತ್ತಿಯ ನಡುವೆಯೇ ಹೊರಗುಳಿದ. ಇಲ್ಲಿ ಎರಡನೆಯ ಚಿಂತೆ: ಮೂರನೆಯ ರೈಡರ್. ಎರಡು ದಾಳಿ ಖಾಲಿ ಹೋದರೆ ಮೂರನೆಯದು 'ಡೂ ಆರ್ ಡೈ', ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್. ಮೂವತ್ತು ಸೆಕೆಂಡಿನಲ್ಲಿ ಏಳು ಜನರ ಎದುರು ಅಂಥ ದಾಳಿ ಮಾಡುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ. ಅಸ್ಲಂ ಇದ್ದಾಗ ಪಂಕಜ್ ಮೋಹಿತೆ, ಮೋಹಿತ್, ಆಕಾಶ್ ಶಿಂಧೆ ತಮ್ಮ ತಮ್ಮ ಸಮಯ ನೋಡಿ ಆಡುತ್ತಿದ್ದರು. ಹೈದರಾಬಾದ್ ಫೈನಲ್‌ನಲ್ಲಿ ಪಂಕಜ್ ಒಂದೇ ದಾಳಿಯಲ್ಲಿ ನಾಲ್ಕು ಪಾಯಿಂಟ್ ತಂದದ್ದು ನೆನಪಿರಬಹುದು. ಅಸ್ಲಂ ಇಲ್ಲದಾಗ ಎದುರಾಳಿ ಡಿಫೆಂಡರ್‌ಗಳು ಈ ಮೂವರನ್ನೂ ನಿರಾಳವಾಗಿ ಓದತೊಡಗಿದರು.

ಹನ್ನೊಂದನೆಯ ಆವೃತ್ತಿ ಮುಗಿದ ಮೇಲೆ ಬಿ.ಸಿ. ರಮೇಶ್ ಬೆಂಗಳೂರು ಬುಲ್ಸ್‌ಗೆ ಹೋದರು. 2001ರ ಅರ್ಜುನ ಪ್ರಶಸ್ತಿ ಪಡೆದ ಆಟಗಾರ, 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಕಪ್ ಗೆದ್ದುಕೊಟ್ಟ ತರಬೇತುದಾರ. ಬುಲ್ಸ್ ಆಗ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದು, 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಆಕಾಶ್ ಶಿಂಧೆಯೂ ಬುಲ್ಸ್ ಸೇರಿದ. ಮುಂದಿನ ಆವೃತ್ತಿಯಲ್ಲಿ ಬುಲ್ಸ್ ಪ್ಲೇ-ಆಫ್ ಹತ್ತಿತು. ಆಗ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಟಿವಿ ಮುಂದೆ ಎರಡು ಪಕ್ಷವಾಗಿತ್ತೋ! ಊರು ಪುಣೆ, ಮಾತು ಕನ್ನಡ, ಬೆಂಬಲ ಯಾರಿಗೆ ಎಂಬ ಹಳೆಯ ತಕರಾರು.

ಪಲ್ಟನ್‌ಗೆ ಹೊಸ ತರಬೇತುದಾರನಾಗಿ ಅಜಯ್ ಠಾಕೂರ್ ಬಂದರು. 2016ರಲ್ಲಿ ಅಹಮದಾಬಾದಿನ ವಿಶ್ವಕಪ್ ಫೈನಲ್‌ನಲ್ಲಿ ಇರಾನ್ ವಿರುದ್ಧ ಪಂದ್ಯ ತಿರುಗಿಸಿದ ರೈಡರ್ ಅವರೇ. 2025ರ ಮೇ 31 ಮತ್ತು ಜೂನ್ 1ರಂದು ಮುಂಬೈಯಲ್ಲಿ ಹರಾಜು ನಡೆಯಿತು. ಶಾದ್ಲೂವಿ ಈ ಸಲ ಅತಿ ದುಬಾರಿ, 2.23 ಕೋಟಿಗೆ ಗುಜರಾತ್ ಜೈಂಟ್ಸ್ ಪಾಲಾದ. ಪಲ್ಟನ್ ಅವನ ಹಿಂದೆ ಓಡಲಿಲ್ಲ. ಬದಲಿಗೆ ರೈಡರ್ ಸಚಿನ್ ತನ್ವರ್‌ನನ್ನು 1.058 ಕೋಟಿಗೆ ಕೊಂಡಿತು. ಇದೇ ಸಚಿನ್‌ಗೆ ಹಿಂದಿನ ಹರಾಜಿನಲ್ಲಿ ತಮಿಳ್ ತಲೈವಾಸ್ 2.15 ಕೋಟಿ ಕೊಟ್ಟಿತ್ತು. ಒಂದೇ ವರ್ಷದಲ್ಲಿ ಬೆಲೆ ಅರ್ಧ. ಮಾರ್ಕೆಟ್ ಯಾರ್ಡಿನ ಈರುಳ್ಳಿಯೂ ಇಷ್ಟು ಬೇಗ ಇಳಿಯುವುದು ಅಪರೂಪ. ಡಿಫೆನ್ಸ್‌ಗೆ ಗುರುದೀಪ್, ಅನುಭವಿ ವಿಶಾಲ್ ಭಾರದ್ವಾಜ್ ಬಂದರು. ಬಲಭಾಗದ ಗೌರವ್-ಅಬಿನೇಶ್ ಜೋಡಿಯನ್ನು ಮುಟ್ಟಲಿಲ್ಲ. ಇದೇ ಜಾಣತನ ಎಂದು ನನಗನಿಸುತ್ತದೆ. ಅರ್ಧ ಡಿಫೆನ್ಸ್ ಗಟ್ಟಿಯಾಗಿದ್ದರೆ ಇನ್ನರ್ಧವನ್ನು ಕಲಿಸಿಕೊಳ್ಳಬಹುದು. ನಾಲ್ವರೂ ಹೊಸಬರಾದರೆ ಋತು ಮುಗಿಯುವವರೆಗೂ ಪರಿಚಯದಲ್ಲೇ ಕಾಲ ಹೋಗುತ್ತದೆ.

ಫಲಿತಾಂಶ ನಿಮಗೆ ಗೊತ್ತು. ಹನ್ನೆರಡನೆಯ ಆವೃತ್ತಿಯ ಲೀಗ್ ಹಂತದ 18 ಪಂದ್ಯಗಳಲ್ಲಿ ಪಲ್ಟನ್ 13 ಗೆದ್ದು ಮೇಲಿನ ಸ್ಥಾನದಲ್ಲಿ ನಿಂತಿತು. ಆ ಹರಾಜಿನ ಅತಿ ದುಬಾರಿ ಇಬ್ಬರು, ಅಂದರೆ ಶಾದ್ಲೂವಿ ಮತ್ತು 2.205 ಕೋಟಿಯ ದೇವಾಂಕ್ ದಲಾಲ್, ಇವರ ತಂಡಗಳು ಮೊದಲ ಎಂಟರೊಳಗೂ ಬರಲಿಲ್ಲ. ಆದರೆ 2025ರ ಅಕ್ಟೋಬರ್ 31ರಂದು ದಿಲ್ಲಿಯ ಫೈನಲ್‌ನಲ್ಲಿ ದಬಂಗ್ ದಿಲ್ಲಿ 31-28ರಿಂದ ಗೆದ್ದಿತು. ಎದುರಾಳಿಯ ಕಾರ್ನರ್‌ನಲ್ಲಿದ್ದವನು ಫಜಲ್ ಅತ್ರಾಚಲಿ. 2022ರಲ್ಲಿ 1.38 ಕೋಟಿ ಕೊಟ್ಟು ಪಲ್ಟನ್ ತಂದಿದ್ದ, ಆಮೇಲೆ ಬಿಟ್ಟಿದ್ದ ಇನ್ನೊಬ್ಬ ಇರಾನಿ. ಆ ವರ್ಷವೂ ಪಲ್ಟನ್ ಫೈನಲ್ ತಲುಪಿ ಜೈಪುರ ಪಿಂಕ್ ಪ್ಯಾಂಥರ್ಸ್‌ಗೆ 29-33ರಿಂದ ಸೋತಿತ್ತು. ನಾಲ್ಕು ಆವೃತ್ತಿಗಳಲ್ಲಿ ಮೂರು ಫೈನಲ್, ಒಂದು ಕಪ್.

ಹಾಗಾದರೆ ಈ ತಂಡಕ್ಕೆ ಚಿಂತೆ ಯಾವುದು? ದಿಲ್ಲಿ ಫೈನಲ್‌ನಲ್ಲಿ ಹತ್ತು ಪಾಯಿಂಟ್ ತಂದದ್ದು ಯುವ ರೈಡರ್ ಆದಿತ್ಯ ಶಿಂಧೆ. ಸಂತೋಷವೇ, ಆದರೆ ಹೊಸ ಹುಡುಗ ಮಿಂಚಿದ ಕೂಡಲೇ ಹಳೆಯ ಸಮಸ್ಯೆ ಹೊಸದಾಗಿ ಹುಟ್ಟುತ್ತದೆ, ಅವನ ಬೆಲೆ ಏರುತ್ತದೆ. ಅಸ್ಲಂನ ಮೊಣಕಾಲು ಒಮ್ಮೆ ಕೈಕೊಟ್ಟದ್ದು. ನಾಯಕನೂ ಅವನೇ, ಮುಖ್ಯ ರೈಡರ್ ಕೂಡ ಅವನೇ ಆಗಿರುವಾಗ ಬದಲಿ ಬೆಂಚಿನಲ್ಲಿ ಯಾರು ಎಂಬುದು ಸಣ್ಣ ಪ್ರಶ್ನೆಯಲ್ಲ. ಎಡ ಕಾರ್ನರ್‌ಗೆ ಅನುಭವಿ ಸಿಕ್ಕರೂ ಹತ್ತು ವರ್ಷ ಆಡುವ ಹುಡುಗ ಬೇಕು. ಇನ್ನು ಕೊನೆಯ ಐದು ನಿಮಿಷದ ಆಟ: ಎರಡು ಫೈನಲ್‌ಗಳಲ್ಲಿ ಸೋತ ಅಂತರ ಮೂರು ಮತ್ತು ನಾಲ್ಕು ಪಾಯಿಂಟ್. ಅಂದರೆ ಒಂದು ಆಲೌಟ್‌ನ ವ್ಯತ್ಯಾಸವಷ್ಟೇ.

ಆದ್ದರಿಂದ ಪಲ್ಟನ್ ತನ್ನ ಉಳಿಸಿಕೊಂಡವರ ಪಟ್ಟಿ ಹೊರಡಿಸಿದಾಗ ಹೆಸರುಗಳನ್ನು ಮೇಲಿಂದ ಕೆಳಕ್ಕೆ ಓದಬೇಡಿ, ಜಾಗಗಳನ್ನು ಓದಿ. ಬಲಗಡೆಯ ಜೋಡಿ ಒಟ್ಟಿಗೆ ಉಳಿದಿದೆಯೇ? ಇಬ್ಬರಲ್ಲಿ ಒಬ್ಬರೇ ಇದ್ದರೆ ಗಾಬರಿಯಾಗಬೇಕಾದದ್ದು ಅಲ್ಲಿ. ಯುವ ಆಟಗಾರರ ವರ್ಗದಲ್ಲಿ ರೈಡರ್ ಎಷ್ಟು, ಕಾರ್ನರ್ ಎಷ್ಟು? ಥೈಲಿಯಲ್ಲಿ ಎಷ್ಟು ಉಳಿದಿದೆ? ಎರಡು ಕೋಟಿಗಿಂತ ಹೆಚ್ಚಿದ್ದರೆ ದೊಡ್ಡ ಹೆಸರಿಗೆ ಕೈ ಹಾಕುವ ಮನಸ್ಸಿದೆ ಎಂದು ತಿಳಿಯಿರಿ. ಒಂದು ಕೋಟಿಯೊಳಗಿದ್ದರೆ ಹರಾಜಿನ ಎರಡನೆಯ ದಿನ ಸಂಜೆ, ಎಲ್ಲರ ಜೇಬು ಖಾಲಿಯಾದ ಮೇಲೆ 'ಸಿ' ಮತ್ತು 'ಡಿ' ದರ್ಜೆಯ ಹೆಸರುಗಳನ್ನು ಕೂಗುವಾಗ ಪಲ್ಟನ್‌ನ ಮೇಜಿನ ಕಡೆ ಕಣ್ಣಿಡಿ. 13 ಲಕ್ಷಕ್ಕೋ 9 ಲಕ್ಷಕ್ಕೋ ಒಬ್ಬ ಎಡ ಕಾರ್ನರ್ ಹುಡುಗನಿಗಾಗಿ ಅವರು ಕೈ ಎತ್ತುತ್ತಾರೋ ಇಲ್ಲವೋ ನೋಡಿ.