ಅಪ್ಪನ ರೇಡಿಯೊ ಎಷ್ಟು ಕರೆಂಟು ತಿನ್ನುತ್ತದೆ?

ಕಂಪನಿ ಕೊಟ್ಟ ರೂಮಿನಲ್ಲಿರುವ ನಮ್ಮಂಥವರಿಗೆ ಕರೆಂಟ್ ಬಿಲ್ಲಿನ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಎಸಿ ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ. ಕಳೆದ ರಜೆಯಲ್ಲಿ ನಾವು ಊರಿಗೆ ಹೋಗದೆ ಪರ್ತ್‌ನ ತಂಗಿಯ ಮನೆಗೆ ಹೋದಾಗ ಅಲ್ಲಿನ ಕಥೆಯೇ ಬೇರೆ. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲು ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿತ್ತು.

"ಅಪ್ಪಾ, ದಿನವಿಡೀ ರೇಡಿಯೊ ಹಾಕಿಡ್ತೀರಲ್ಲ, ಬಿಲ್ಲು ನೋಡಿದ್ರಾ?" ಎಂದಳು ತಂಗಿ. ಅಪ್ಪ ಮಾತಾಡದೆ ಆರಿಸಿದರು. ಮರುದಿನ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಆ ಮನೆಯಲ್ಲಿ ಒಂದು ಸದ್ದಿಲ್ಲ. ಅಪ್ಪ ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದರು. ನಮಗೆ ತಡೆಯಲಿಲ್ಲ.

ಪ್ಲಗ್ಗಿಗೆ ಸಿಕ್ಕಿಸುವ ಪವರ್ ಮೀಟರ್ ತಂದು ನೋಡಿದೆವು. ಹಾಡುವಾಗ 5 ವ್ಯಾಟ್. ಲೆಕ್ಕ ಔಷಧಿಯದ್ದೇ, ಒಂದು ಸಲಕ್ಕೆ ಎಷ್ಟು, ದಿನಕ್ಕೆ ಎಷ್ಟು ಹೊತ್ತು. ದಿನಕ್ಕೆ 10 ಗಂಟೆ ಹಾಕಿದರೂ ಎರಡು ತಿಂಗಳಿಗೆ 3 ಯೂನಿಟ್. ಯೂನಿಟ್ಟಿಗೆ 30 ಸೆಂಟ್ ಎಂದು ಹಿಡಿದರೆ 90 ಸೆಂಟ್!

ಹಳೆಯ ಎಫ್‌ಎಂ ಸೆಟ್ಟಿಗಿಂತ ಡಿಜಿಟಲ್ ರೇಡಿಯೊಗೆ ಹಸಿವು ಸ್ವಲ್ಪ ಹೆಚ್ಚೇ. ಆಸ್ಟ್ರೇಲಿಯಾದಲ್ಲಿ 2009ರ ಮೇ ತಿಂಗಳಲ್ಲಿ ಪರ್ತ್‌ನಿಂದ ಶುರುವಾಗಿ, ಅದೇ ತಿಂಗಳು ಅಡಿಲೇಡ್, ಬ್ರಿಸ್ಬೇನ್‌ಗೂ ಬಂದ ಡಿಎಬಿ ಪ್ಲಸ್‌ನಲ್ಲಿ ಹಲವು ವಾಹಿನಿಗಳು ಒಂದೇ ಕಟ್ಟಿನಲ್ಲಿ ಬರುತ್ತವೆ. ಆ ಕಟ್ಟಿನಿಂದ ಬೇಕಾದ್ದನ್ನು ಹೆಕ್ಕಿ, ಬಿಡಿಸಿ ಕೇಳಿಸಲು ಒಳಗಿನ ಚಿಪ್ ಬಿಡುವಿಲ್ಲದೆ ದುಡಿಯಬೇಕು.

ನಿಜವಾದ ಕಳ್ಳ ಬೇರೆಡೆ ಇದ್ದ. ಬಟನ್ ಒತ್ತಿ ಆರಿಸಿದ ಮೇಲೂ ಆ ಹಳೆ ಸೆಟ್ಟು 3 ವ್ಯಾಟ್ ಎಳೆಯುತ್ತಿತ್ತು. ಉಳಿದ 14 ಗಂಟೆಗೆ 42 ವ್ಯಾಟ್-ಅವರ್. ಅಪ್ಪ ಕೇಳಿದ್ದು 50, ಯಾರೂ ಕೇಳದೆ ಹೋದದ್ದು 42! ಸ್ಟ್ಯಾಂಡ್‌ಬೈ ಬಳಕೆ 1 ವ್ಯಾಟ್‌ಗೆ ಇಳಿಯಬೇಕೆಂಬ ಯೋಜನೆಯನ್ನು ಆಸ್ಟ್ರೇಲಿಯಾ 2000ದಲ್ಲೇ ಒಪ್ಪಿಕೊಂಡಿತ್ತು. ಹೊಸ ಸೆಟ್ಟುಗಳು ಎಷ್ಟೋ ವಾಸಿ. ಹಳೆಯದಾದರೆ ಗೋಡೆಯ ಸ್ವಿಚ್ಚನ್ನೇ ಆರಿಸುವುದು ಲೇಸು. ಗಡಿಯಾರದ ಚಿಂತೆ ಬೇಡ, ಸಮಯವೂ ಪ್ರಸಾರದ ಜೊತೆಗೇ ಬರುತ್ತದೆ.

ಈ ಲೆಕ್ಕ ಕೇಳಿ ಬ್ರಿಸ್ಬೇನ್‌ನ ಗೆಳೆಯರು ಫೋನಿನಲ್ಲೇ ನಕ್ಕರು. ಅವರು ಎಸ್‌ಬಿಎಸ್ ರೇಡಿಯೊ ಕೇಳುವುದು ಟಿವಿಯಲ್ಲಿ. ಅವರ ಟಿವಿ 100 ವ್ಯಾಟ್, ಅಂದರೆ ಅಪ್ಪನ ರೇಡಿಯೊ 20 ಸೆಟ್ಟಿಗೆ ಸಮ. ಅಡಿಲೇಡ್‌ನಲ್ಲಿ ನೆಲೆಸಿದ ನಮ್ಮ ಹಳೆಯ ಸಹೋದ್ಯೋಗಿಯದ್ದು ಇನ್ನೊಂದು ಉಳಿತಾಯ, ಕರೆಂಟು ಬೇಡವೆಂದು ಸೆಲ್ ಹಾಕುತ್ತಾರೆ. ಒಂದು ಎಎ ಸೆಲ್ಲಿನಲ್ಲಿರುವುದು ಸುಮಾರು 3 ವ್ಯಾಟ್-ಅವರ್. ಒಂದು ಯೂನಿಟ್ಟಿಗೆ 300ಕ್ಕೂ ಹೆಚ್ಚು ಸೆಲ್ ಬೇಕು! ಅಲ್ಲಿನ ಕೆಲವು ಗ್ರಂಥಾಲಯಗಳಲ್ಲಿ ಪವರ್ ಮೀಟರ್ ಎರವಲು ಸಿಗುತ್ತದೆ, ತಂದು ನೋಡಿ ಎಂದೆವು.

ಆ ಕಡೆ ಹೊರಟವರು ಯಾರಾದರೂ ನಿಮ್ಮಲ್ಲಿದ್ದರೆ ಒಂದು ಮಾತು. ಇಲ್ಲಿಂದ ರೇಡಿಯೊ ಒಯ್ಯುವಾಗ ಪೆಟ್ಟಿಗೆಯ ಮೇಲೆ ಡಿಎಬಿ ಎಂದಷ್ಟೇ ಇದ್ದರೆ ಸಾಲದು, 'ಪ್ಲಸ್' ಇರಲೇಬೇಕು. ಇಲ್ಲದಿದ್ದರೆ ಅಲ್ಲಿನ ಡಿಜಿಟಲ್ ವಾಹಿನಿಗಳು ಕೇಳಿಸವು.

ತಂಗಿಗೆ ಚೀಟಿಯಲ್ಲಿ ಲೆಕ್ಕ ಬರೆದು ತೋರಿಸಿದೆವು. ಅವಳು ಅದನ್ನು ಬಿಲ್ಲಿನ ಪಕ್ಕದಲ್ಲೇ ಅಂಟಿಸಿದಳು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ರೇಡಿಯೊ ಹಾಕಿದ್ದು ಅವಳೇ.