ಅರ್ಜಿ ತುಂಬುವಾಗ ‘ಸೆಷನ್ ಎಕ್ಸ್‌ಪೈರ್ಡ್’ ಬಂದರೆ ಏನು ಮಾಡಬೇಕು?

ಜೈನರನ್ನು ಕೇಂದ್ರ ಸರ್ಕಾರ ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದ್ದು 2014ರ ಜನವರಿ 27ರಂದು. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ ಅರ್ಜಿಯೆಲ್ಲ ಈಗ ಆನ್‌ಲೈನ್. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ನಮ್ಮ ಮಕ್ಕಳು ಕಾಲೇಜಿನ ಲ್ಯಾಬ್‌ನಲ್ಲಿ ಕುಳಿತು ಅರ್ಜಿ ತುಂಬುವಾಗ, ಅರ್ಧಕ್ಕೆ ‘ಸೆಷನ್ ಎಕ್ಸ್‌ಪೈರ್ಡ್’ ಎಂದು ಬಂದರೆ ತುಂಬಿದ್ದೆಲ್ಲ ಹೋಗಬಹುದು. ಕೊನೆಯ ದಿನವಾದರೆ ಆ ವರ್ಷದ ಹಣವೇ ಹೋದಂತೆ.

ಬಸದಿಯ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ಪಡೆಯುತ್ತೇವಲ್ಲ, ಸೆಷನ್ ಕೂಡ ಹಾಗೆಯೇ. ಲಾಗಿನ್ ಆದಾಗ ಸರ್ವರ್ ಕೊಡುವ ಟೋಕನ್ನನ್ನು ಬ್ರೌಸರ್ ‘ಕುಕಿ’ಯಾಗಿ ಇಟ್ಟುಕೊಂಡು ಪ್ರತಿ ಪುಟಕ್ಕೂ ತೋರಿಸುತ್ತದೆ. ಕ್ರೋಮ್‌ಗೆ ಸಿಕ್ಕ ಟೋಕನ್ ಫೈರ್‌ಫಾಕ್ಸ್‌ಗೆ ಗೊತ್ತಿರುವುದಿಲ್ಲ. ಲ್ಯಾಬ್‌ನಲ್ಲಿ ನಡುವೆ ಪ್ರಾಕ್ಸಿ ಸರ್ವರ್ ಬೇರೆ ಇರುತ್ತದೆ. ಎಲ್ಲ ಕಂಪ್ಯೂಟರ್‌ಗಳ ಪರವಾಗಿ ಹೊರಗೆ ಹೋಗಿಬರುವುದು ಅದೇ. ಅದು ಒಮ್ಮೆ ಒಂದು ಐಪಿ ವಿಳಾಸದಿಂದ, ಮತ್ತೊಮ್ಮೆ ಇನ್ನೊಂದರಿಂದ ಹೋದರೆ ಕೆಲವು ಜಾಲತಾಣಗಳು ‘ಇವರು ಬೇರೆಯವರು’ ಎಂದು ಸೆಷನ್ ಮುಚ್ಚಿಬಿಡುತ್ತವೆ.

ಮೊದಲು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ನಡೆದರೆ ಹಳೆಯ ಕುಕಿಯದೇ ತೊಂದರೆ ಇರಬಹುದು. ಆ ಜಾಲತಾಣದ ಕುಕಿಗಳನ್ನಷ್ಟೇ ಅಳಿಸಿದರೆ ಸಾಕು, ಎಲ್ಲವನ್ನೂ ಅಳಿಸುವ ಗೋಜಿಗೆ ಹೋಗಬೇಡಿ. ಒಂದೇ ಅರ್ಜಿಯನ್ನು ಎರಡು ಟ್ಯಾಬ್‌ಗಳಲ್ಲಿ ತೆರೆಯಲೂಬೇಡಿ.

ಕ್ರೋಮ್, ಎಡ್ಜ್‌ನಲ್ಲಿ ಸರಿಯಿದ್ದು ಫೈರ್‌ಫಾಕ್ಸ್‌ನಲ್ಲಿ ಮಾತ್ರ ಕೆಟ್ಟರೆ? ಮೊದಲಿನ ಎರಡೂ ವಿಂಡೋಸ್‌ನ ಪ್ರಾಕ್ಸಿ ಸೆಟ್ಟಿಂಗನ್ನೇ ಬಳಸುತ್ತವೆ. ಫೈರ್‌ಫಾಕ್ಸ್‌ಗೆ ಪ್ರತ್ಯೇಕ ಸೆಟ್ಟಿಂಗ್ ಕೊಡಬಹುದು. ಯಾರೋ ಯಾವತ್ತೋ ಹಾಕಿದ ಹಳೆಯ ವಿಳಾಸ ಅಲ್ಲಿ ಉಳಿದಿರುತ್ತದೆ. ಸೆಟ್ಟಿಂಗ್ಸ್‌ನ ಜನರಲ್ ಪುಟದ ಕೊನೆಯಲ್ಲಿರುವ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ನೋಡಬಹುದು. ಆದರೆ ಕಾಲೇಜಿನ ಯಂತ್ರದಲ್ಲಿ ನೀವೇ ಬದಲಿಸಬೇಡಿ, ಲ್ಯಾಬ್ ನೋಡಿಕೊಳ್ಳುವವರಿಗೆ ಹೇಳಿ.

ಹಳೆಯ ಕಂಪ್ಯೂಟರಾದರೆ ಗಡಿಯಾರವನ್ನೂ ನೋಡಿ. ಒಳಗಿನ ಸೆಲ್ ಸತ್ತು ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿದ್ದರೆ ಸುರಕ್ಷಿತ ಜಾಲತಾಣಗಳು ತೆರೆಯುವುದೇ ಇಲ್ಲ.

ಲ್ಯಾಬ್‌ನ ಯಾವ ಬ್ರೌಸರ್‌ನಲ್ಲೂ ಆಗದೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆದರೆ ಅನುಮಾನ ಪ್ರಾಕ್ಸಿಯ ಮೇಲೇ. ಆಗ ಬ್ರೌಸರ್ ಹೆಸರು, ವೇಳೆ, ಪರದೆಯ ಮೇಲೆ ಬಂದ ಮಾತು ಇಷ್ಟನ್ನೂ ಬರೆದುಕೊಡಿ; ಬರೀ ‘ಸೈಟ್ ಬರ್ತಿಲ್ಲ’ ಎಂದರೆ ಅವರಿಗೂ ಹುಡುಕುವುದು ಕಷ್ಟ. ಅದು ಸರಿಯಾಗುವವರೆಗೆ ಕಾಯದೆ ಹಾಟ್‌ಸ್ಪಾಟ್‌ನಲ್ಲೇ ಅರ್ಜಿ ಮುಗಿಸಿ, ಸ್ವೀಕೃತಿಯ ಪಿಡಿಎಫ್ ಇಳಿಸಿಕೊಳ್ಳಿ. ಏಳುವ ಮುನ್ನ ಲಾಗ್‌ಔಟ್ ಮಾಡಿ. ಟ್ಯಾಬ್ ಮುಚ್ಚಿದ ಮಾತ್ರಕ್ಕೆ ಸೆಷನ್ ಮುಗಿಯದು, ಮುಂದೆ ಕೂರುವವರಿಗೆ ನಿಮ್ಮ ಅರ್ಜಿಯ ವಿವರ ಕಾಣಬಹುದು.