ಕಡಲಾಚೆಯಲ್ಲಿ ದಂತವೈದ್ಯ

ಹಲ್ಲುನೋವಿಗೆ ದೇಶಭೇದವಿಲ್ಲ. ಧಾರವಾಡದ ರೈತನ ದವಡೆಹಲ್ಲು ಹುಳುಕಾಗುವಂತೆಯೇ ಲಂಡನ್ನಿನ ಗುಮಾಸ್ತನ ದವಡೆಹಲ್ಲೂ ಹುಳುಕಾಗುತ್ತದೆ. ಹಲ್ಲಿನ ರಚನೆ ಒಂದೇ, ಅದರ ಬೇರಿಗೆ ಹೋಗುವ ನರವೂ ಒಂದೇ. ಆದರೂ ಸ್ವದೇಶದಲ್ಲಿ ಐದು ವರ್ಷ ಓದಿ, ಪದವಿ ಪಡೆದು, ನೂರಾರು ರೋಗಿಗಳ ನೋವನ್ನು ಕಳೆದ ದಂತವೈದ್ಯನು ಪರದೇಶಕ್ಕೆ ಹೋದೊಡನೆ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಬೇಕಾಗುತ್ತದೆ. ಹೀಗೇಕೆ? ಬ್ರಿಟನ್ನಿನ ಉದಾಹರಣೆಯಿಂದ ಇದನ್ನು ತಿಳಿಯಬಹುದು.

ಒಂದು ಕಾಲದಲ್ಲಿ ಅಲ್ಲಿ ಹಲ್ಲು ಕೀಳುವ ಕೆಲಸವನ್ನು ಕ್ಷೌರಿಕರೂ ಕಮ್ಮಾರರೂ ಮಾಡುತ್ತಿದ್ದರು. 1878ರ ಕಾಯ್ದೆಯು ದಂತವೈದ್ಯರ ಹೆಸರುಗಳನ್ನು ದಾಖಲಿಸುವ ಪಟ್ಟಿಯೊಂದನ್ನು ಆರಂಭಿಸಿತು. ಆದರೆ ಅದು ದಂತವೈದ್ಯನೆಂಬ ಹೆಸರಿಗೆ ಮಾತ್ರ ಕಾವಲಾಯಿತು. ಆ ಹೆಸರನ್ನು ಹಾಕಿಕೊಳ್ಳದೆ ಹಲ್ಲು ಕೀಳುವವನನ್ನು ತಡೆಯಲಿಲ್ಲ. ಪಟ್ಟಿಯಲ್ಲಿಲ್ಲದವರು ಈ ವೃತ್ತಿಯನ್ನೇ ಮಾಡಕೂಡದೆಂಬ ನಿಯಮ ಬಂದುದು 1921ರಲ್ಲಿ. 1956ರಲ್ಲಿ ಪಟ್ಟಿಯ ಹೊಣೆ ಜನರಲ್ ಡೆಂಟಲ್ ಕೌನ್ಸಿಲ್ ಎಂಬ ಮಂಡಳಿಗೆ ಸೇರಿತು. ಭಾರತದಲ್ಲಿಯೂ 1948ರ ಕಾಯ್ದೆ ಇಂತಹುದೇ ಕಟ್ಟುಪಾಡನ್ನು ವಿಧಿಸಿತು. ಅರಿವಳಿಕೆಯ ಸೂಜಿಗೆ ಬಾಯಿ ತೆರೆದು ಕುಳಿತ ರೋಗಿಯು ವೈದ್ಯನ ವಿದ್ಯೆಯನ್ನು ಅಳೆಯಲಾರನು. ಅವನ ಪರವಾಗಿ ಯಾರಾದರೂ ಅಳೆದಿರಬೇಕು.

ವಿದೇಶಗಳಲ್ಲಿ ಕಲಿತವರಿಗಾಗಿ 2007ರಿಂದ ಈ ಮಂಡಳಿಯು ಎರಡು ಭಾಗಗಳ ಪರೀಕ್ಷೆಯನ್ನು ನಡೆಸುತ್ತ ಬಂದಿದೆ. ಬೆಂಗಳೂರು, ಮಣಿಪಾಲ, ದಾವಣಗೆರೆಗಳ ಕಾಲೇಜುಗಳಲ್ಲಿ ಓದಿದವರೂ ಅದಕ್ಕೆ ಕುಳಿತಿದ್ದಾರೆ. ಅಭ್ಯರ್ಥಿಗೆ ಇಂಗ್ಲಿಷ್ ಭಾಷೆ ಬರಬೇಕು. ರೋಗಿಗಳಿಗೆ ಸ್ವತಃ ಚಿಕಿತ್ಸೆ ಮಾಡಿದ 1,600 ಗಂಟೆಗಳ ಅನುಭವವಿರಬೇಕು. ಮೊದಲ ಭಾಗವು ಶಾಸ್ತ್ರಜ್ಞಾನದ್ದು. ಅದರಲ್ಲಿ ಎರಡು ಪತ್ರಿಕೆಗಳಿವೆ. ನಿಜವಾದ ಕಷ್ಟವಿರುವುದು ಎರಡನೆಯ ಭಾಗದಲ್ಲಿ.

ಅಲ್ಲಿ ಅಭ್ಯರ್ಥಿಯ ಮುಂದೆ ಮನುಷ್ಯನಿಗೆ ಬದಲು ಒಂದು ಬೊಂಬೆಯ ತಲೆಯಿರುತ್ತದೆ. ಅದರ ಬಾಯಲ್ಲಿ ಪ್ಲಾಸ್ಟಿಕ್ ಹಲ್ಲುಗಳು. ಜೀವಂತ ರೋಗಿಗೆ ಮಾಡುವಂತೆಯೇ ಅದಕ್ಕೂ ಹುಳುಕನ್ನು ಕೊರೆದು ತೆಗೆಯಬೇಕು, ಕುಳಿಯನ್ನು ತುಂಬಬೇಕು, ಕವಚ ತೊಡಿಸಲು ಹಲ್ಲನ್ನು ಅಳತೆಗೆ ತಕ್ಕಂತೆ ಅರೆಯಬೇಕು. ಹೆಚ್ಚು ಅರೆದರೆ ದೋಷ. ಕಡಿಮೆ ಅರೆದರೂ ದೋಷ. ಪಕ್ಕದ ಹಲ್ಲಿಗೆ ಗೀರು ತಾಗಿದರಂತೂ ಹೇಳುವುದೇ ಬೇಡ. ಮಿಲಿಮೀಟರಿನ ಅಂಶದಲ್ಲಿ ಸೋಲು ಗೆಲುವು ನಿರ್ಧಾರವಾಗುತ್ತವೆ. ಬೊಂಬೆಯು ನೋವೆಂದು ಕೂಗುವುದಿಲ್ಲವಾದ್ದರಿಂದ ತಪ್ಪು ಅಲ್ಲಿಯೇ ತಿಳಿಯುವುದೂ ಇಲ್ಲ. ಇದಲ್ಲದೆ ರೋಗಿಯ ಪಾತ್ರ ವಹಿಸಿದ ನಟರೊಡನೆ ಮಾತನಾಡಿ, ಕ್ಷಕಿರಣ ಚಿತ್ರವನ್ನು ಓದಿ, ಚಿಕಿತ್ಸೆಯ ಯೋಜನೆಯನ್ನು ಹೇಳಬೇಕು. ಕುರ್ಚಿಯಲ್ಲಿಯೇ ರೋಗಿ ಮೂರ್ಛೆ ಹೋದರೆ ಏನು ಮಾಡಬೇಕೆಂಬುದನ್ನೂ ತೋರಿಸಬೇಕು. ಹಲ್ಲು ಎಲ್ಲೆಡೆ ಒಂದೇ ಆದರೂ ರೋಗಿಯ ಒಪ್ಪಿಗೆ ಪಡೆಯುವ ಕ್ರಮ, ದಾಖಲೆ ಬರೆಯುವ ರೀತಿ, ದೇಶದ ಕಾನೂನು ಬೇರೆ ಬೇರೆ. ಪರೀಕ್ಷೆ ಬೇಕೆನ್ನುವವರ ವಾದಕ್ಕೆ ಇದು ಬಲವಾದ ಆಧಾರ.

ಆದರೆ ಈ ವಾದಕ್ಕೆ ಒಂದು ತೊಡಕಿದೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಕಲಿತವರಿಗೆ ಈ ಪರೀಕ್ಷೆಯ ನಿರ್ಬಂಧವಿರಲಿಲ್ಲ; 2020ರಲ್ಲಿ ಬ್ರಿಟನ್ ಆ ಒಕ್ಕೂಟವನ್ನು ಬಿಟ್ಟ ಮೇಲೂ ಅವರ ಪದವಿಗಳ ಮಾನ್ಯತೆ ಮುಂದುವರಿಯಿತು. ಅಥೆನ್ಸಿನ ವೈದ್ಯನ ಕೈಯನ್ನು ನಂಬಿ ಮಂಗಳೂರಿನವನ ಕೈಯನ್ನು ಶಂಕಿಸುವುದಕ್ಕೆ ಶಾಸ್ತ್ರದಲ್ಲಿ ಆಧಾರ ಹುಡುಕಿದರೆ ಸಿಗದು. ಅದು ದೇಶದೇಶಗಳ ಒಪ್ಪಂದದ ಫಲ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಬ್ರಿಟನ್ನಿನ ಎಷ್ಟೋ ಊರುಗಳಲ್ಲಿ ಸರ್ಕಾರಿ ಆರೋಗ್ಯ ಸೇವೆಯ ದಂತವೈದ್ಯರು ಸಿಗದೆ ಜನ ಪರದಾಡುತ್ತಿರುವಾಗ, ಅದೇ ದೇಶದಲ್ಲಿ ಪದವೀಧರರು ಪರೀಕ್ಷೆಯ ಸ್ಥಾನಕ್ಕಾಗಿ ಸರದಿಯಲ್ಲಿ ಕಾಯುತ್ತಾರೆ. ಸ್ಥಾನಗಳು ಕೆಲವೇ, ಶುಲ್ಕ ಸಾವಿರಾರು ಪೌಂಡು. 2020ರಲ್ಲಿ ಕೊರೋನಾ ಪಿಡುಗಿನಿಂದ ನಿಂತ ಪರೀಕ್ಷೆಗಳು ಮತ್ತೆ ಆರಂಭವಾದುದು 2022ರಲ್ಲಿ. ಹೀಗೆ ಕಾಯುವವರಲ್ಲಿ ಹಲವರು ಹೊಟ್ಟೆಪಾಡಿಗಾಗಿ ಚಿಕಿತ್ಸಾಲಯಗಳಲ್ಲಿ ಸಹಾಯಕರಾಗಿ ದುಡಿಯುತ್ತಾರೆ. ತಾವು ಹಿಡಿಯುತ್ತಿದ್ದ ಉಪಕರಣವನ್ನು ಮತ್ತೊಬ್ಬ ವೈದ್ಯನ ಕೈಗೆ ಎತ್ತಿಕೊಡುತ್ತಾರೆ. ಅಷ್ಟರಲ್ಲಿ ಕೈಗೆ ಅಭ್ಯಾಸ ತಪ್ಪುತ್ತದೆ. ಬೊಂಬೆಯ ಮುಂದೆ ಕುಳಿತಾಗ ಪರೀಕ್ಷಕರು ಅಳೆಯುವುದೋ ಆ ಅಭ್ಯಾಸವನ್ನೇ.